ನಿಮ್ಮ ಕಚೇರಿಯ ಕುರ್ಚಿ, ಕಿಟಕಿ, ಕೌಂಟರ್ ಏನು ಹೇಳುತ್ತಿವೆ? ಜಾಗವನ್ನು ಓದಿ ತಿದ್ದುವ ಸಮಗ್ರ ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದೆ ಪಿಂಚಣಿಯ ಕಾಗದವೊಂದನ್ನು ಸರಿಪಡಿಸಲು ಅಮ್ಮನನ್ನು ಬೆಂಗಳೂರಿನ ಒಂದು ಕಚೇರಿಗೆ ಕರೆದುಕೊಂಡು ಹೋಗಿದ್ದೆ. ಕೌಂಟರಿನ ಗಾಜಿನಲ್ಲಿ ಅರ್ಧಚಂದ್ರಾಕಾರದ ಒಂದು ಕಿಂಡಿ. ಒಳಗೆ ಕುರ್ಚಿಯಲ್ಲಿ ಕುಳಿತವರ ಮುಖಕ್ಕೆ ಅದು ಸರಿಯಾಗಿತ್ತು. ಹೊರಗೆ ನಿಂತವರಿಗೆ ಎದೆಗಿಂತ ಕೆಳಗಿತ್ತು. ಎಪ್ಪತ್ತೆರಡು ವರ್ಷದ ಅಮ್ಮ ಒಂದು ಕೈಯಲ್ಲಿ ಕಲ್ಲಿನ ಕಟ್ಟೆ ಹಿಡಿದು, ಸೊಂಟ ಬಗ್ಗಿಸಿ, ಕತ್ತು ಓರೆ ಮಾಡಿ ಕಿಂಡಿಗೆ ಬಾಯಿ ಕೊಟ್ಟು ಮಾತನಾಡಿದರು. ಒಳಗಿದ್ದ ಗುಮಾಸ್ತರು ಒರಟರಲ್ಲ. "ಹೇಳಿ ಅಮ್ಮ" ಎಂದೇ ಮಾತು ಆರಂಭಿಸಿದರು, ಕೆಲಸವನ್ನೂ ಮಾಡಿಕೊಟ್ಟರು. ಆದರೂ ಹೊರಗೆ ಬಂದ ಮೇಲೆ ಅಮ್ಮ ಹೇಳಿದ್ದು ಒಂದೇ ಮಾತು: "ಬೇಡಿಕೊಂಡು ಬಂದ ಹಾಗಾಯಿತು ಕಣಪ್ಪ."

ಗುಮಾಸ್ತರು ಆಡದ ಮಾತನ್ನು ಆ ಕಿಂಡಿ ಆಡಿತ್ತು.

ಇಪ್ಪತ್ತು ವರ್ಷಗಳಿಂದ ನಾನು ಕಚೇರಿಗಳ ಆಡಳಿತ ವಿಭಾಗದಲ್ಲಿದ್ದೇನೆ. ಪೀಣ್ಯದ ಕಾರ್ಖಾನೆ, ಜಯನಗರದಲ್ಲಿ ಮನೆಯೊಂದನ್ನೇ ಕಚೇರಿ ಮಾಡಿಕೊಂಡ ಸಂಸ್ಥೆ, ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡ, ಎಲ್ಲ ಕಡೆಯೂ ಮೇಜು, ಕುರ್ಚಿ, ನೀರಿನ ಕ್ಯಾನು, ಬೀಗದ ಕೈಗಳ ಹೊಣೆ ಹೊತ್ತಿದ್ದೇನೆ. ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ಜಾಗ ಸದಾ ಮಾತನಾಡುತ್ತಿರುತ್ತದೆ. ಗೋಡೆಯ ಮೇಲೆ ಬರೆದ ಮಾತಿಗೂ ಜಾಗ ಆಡುವ ಮಾತಿಗೂ ಜಗಳ ಬಿದ್ದರೆ ಜನ ಜಾಗದ ಮಾತನ್ನೇ ನಂಬುತ್ತಾರೆ, ಅದರಂತೆಯೇ ನಡೆಯುತ್ತಾರೆ. ಹೀಗಾಗಿ ಜನರ ನಡವಳಿಕೆ ಬದಲಾಗಬೇಕೆಂದರೆ ಸುತ್ತೋಲೆ ಹೊರಡಿಸುವ ಮೊದಲು ಕುರ್ಚಿ ಸರಿಸಿ ನೋಡಬೇಕು.

ಇದು ಹೊಸ ತಿಳಿವಳಿಕೆಯೇನಲ್ಲ. ಬ್ರಿಟಿಷರ ಆಳ್ವಿಕೆಯಲ್ಲಿ 1868ರಲ್ಲಿ ಮುಗಿದ ಅಠಾರ ಕಚೇರಿಯ (ಈಗಿನ ಹೈಕೋರ್ಟಿನ) ಕೆಂಪು ಕಟ್ಟಡದ ಎದುರಿಗೇ ಕೆಂಗಲ್ ಹನುಮಂತಯ್ಯನವರು 1950ರ ದಶಕದಲ್ಲಿ ವಿಧಾನಸೌಧವನ್ನು ಎಬ್ಬಿಸಿದರು. ಗ್ರಾನೈಟಿನ ಆ ಗಾತ್ರ, ಆ ಮೆಟ್ಟಿಲ ಸಾಲು, ನೆತ್ತಿಯ ಮೇಲಿನ ಸಿಂಹಲಾಂಛನ ಎಲ್ಲವೂ ಆಳುವವರು ಬದಲಾಗಿದ್ದಾರೆ ಎಂದು ಹೇಳುವುದಕ್ಕಾಗಿಯೇ ಇವೆ. "ಸರ್ಕಾರದ ಕೆಲಸ ದೇವರ ಕೆಲಸ" ಎಂಬ ಬರಹ ಅದರ ಹಣೆಯ ಮೇಲಿದೆ. ಅಮ್ಮ ಬಾಗಿದ ಕಿಂಡಿಯಂಥ ಕಿಂಡಿಗಳೂ ಇದೇ ಊರಿನಲ್ಲಿವೆ. ಎರಡನ್ನೂ ಒಟ್ಟಿಗೆ ಓದಲು ಕಲಿಯಬೇಕು.

ಈ ಕೆಲಸಕ್ಕೆ ಐದಾರು ವಾರ ಇಟ್ಟುಕೊಳ್ಳಿ. ಒಂದು ಗ್ರಾಫ್ ಹಾಳೆಯ ಪುಸ್ತಕ, ಅಳತೆ ಟೇಪು, ಒಂದೆರಡು ಸುರುಳಿ ಮಾಸ್ಕಿಂಗ್ ಟೇಪು ಸಾಕು. ವಿನ್ಯಾಸಕಾರರನ್ನು ಕರೆಯುವ ಅಗತ್ಯ ಬಂದರೆ ಅದು ಕೊನೆಗೆ ಬರುತ್ತದೆ.

ಮೊದಲ ಹಂತ: ಅಪರಿಚಿತರಾಗಿ ಒಳಗೆ ಬನ್ನಿ

ದಿನವೂ ಹಾದುಹೋಗುವ ಜಾಗ ಕಣ್ಣಿಗೆ ಬೀಳುವುದಿಲ್ಲ. ಒಂದು ಸೋಮವಾರ ಗುರುತಿನ ಚೀಟಿಯನ್ನು ಚೀಲಕ್ಕೆ ಹಾಕಿ, ಸಂದರ್ಶನಕ್ಕೆ ಬಂದ ಹೊಸಬರ ಹಾಗೆ ಗೇಟಿನಿಂದ ಆರಂಭಿಸಿ. ಕಾವಲಿನವರು ಮೊದಲು ಕೇಳುವ ಪ್ರಶ್ನೆ "ಯಾರನ್ನು ನೋಡಬೇಕಿತ್ತು?" ಎಂದೋ, "ಎಲ್ಲಿಗೆ?" ಎಂದೋ? ಲಿಫ್ಟಿನ ಬಾಗಿಲು ತೆರೆದಾಗ ಎದುರಿಗೆ ಕಾಣುವುದು ಮನುಷ್ಯರ ಮುಖವೋ, ಬೀಗ ಹಾಕಿದ ಗಾಜಿನ ಬಾಗಿಲೋ? ಅತಿಥಿಗಳ ಸೋಫಾದಲ್ಲಿ 15 ನಿಮಿಷ ಸುಮ್ಮನೆ ಕೂರಿ. ಮೊಬೈಲ್ ತೆಗೆಯಬೇಡಿ. ಅಲ್ಲಿಂದ ಏನು ಕಾಣುತ್ತದೆ, ಏನು ಕೇಳುತ್ತದೆ, ಕುಡಿಯುವ ನೀರು ಎಲ್ಲಿದೆಯೆಂದು ಯಾರನ್ನೂ ಕೇಳದೆ ಗೊತ್ತಾಗುತ್ತದೆಯೇ ಎಂದು ಬರೆದುಕೊಳ್ಳಿ.

ಮರುದಿನದಿಂದ ಬೇರೆ ಬೇರೆ ಜನರ ದಾರಿಯಲ್ಲಿ ನಡೆಯಿರಿ. ಪಾರ್ಸೆಲ್ ತರುವ ಹುಡುಗನ ದಾರಿ, ಬೆಳಿಗ್ಗೆ ಆರೂವರೆಗೆ ಬರುವ ಹೌಸ್‌ಕೀಪಿಂಗ್ ಮಹಿಳೆಯರ ದಾರಿ, ಗಾಲಿಕುರ್ಚಿಯಲ್ಲಿ ಬರುವವರ ದಾರಿ. ಮೂರನೆಯದನ್ನು ನೋಡುವಾಗ ಅಳತೆ ಟೇಪು ಕೈಯಲ್ಲಿರಲಿ. 1 ಅಡಿ ಎತ್ತರಕ್ಕೆ 12 ಅಡಿ ಉದ್ದ ಎಂಬುದು ಇಳಿಜಾರಿನ ಒಪ್ಪಿತ ಲೆಕ್ಕ. ಮನೆಗಳನ್ನು ಕಚೇರಿ ಮಾಡಿಕೊಂಡ ನಮ್ಮ ಬಸವನಗುಡಿ, ಜಯನಗರ, ಇಂದಿರಾನಗರದ ಕಟ್ಟಡಗಳಲ್ಲಿ ಸ್ಕೂಟರ್ ಹತ್ತಿಸಲು ಮಾಡಿದ ಕಡಿದಾದ ಇಳಿಜಾರನ್ನೇ ಎಲ್ಲರಿಗೂ ಸಾಕೆಂದು ಬಿಟ್ಟಿರುತ್ತಾರೆ. ಅದು ಸಾಕಾಗುವುದಿಲ್ಲ.

ಎರಡನೇ ಹಂತ: ಜನ ಬಿಟ್ಟ ಜಾಡು ಹಿಡಿಯಿರಿ

ನನಗೆ ಅತ್ಯಂತ ಇಷ್ಟವಾದ ಹಂತ ಇದು. "ಈ ಕಚೇರಿ ನಿಮಗೆ ಅನುಕೂಲವಾಗಿದೆಯೇ?" ಎಂದು ಕೇಳಿದರೆ ಜನ ಸಂಕೋಚದಿಂದ "ಚೆನ್ನಾಗಿದೆ ಸಾರ್" ಎನ್ನುತ್ತಾರೆ. ಅವರ ಕೈಗಳು ಮಾಡಿಟ್ಟ ಸಣ್ಣ ಸಣ್ಣ ತಿದ್ದುಪಡಿಗಳಲ್ಲಿ ಆ ಸಂಕೋಚ ಇರುವುದಿಲ್ಲ.

ಎಲ್ಲರೂ ಮನೆಗೆ ಹೋದ ಮೇಲೆ, ಸಂಜೆ ಏಳರ ಹೊತ್ತಿಗೆ, ಒಂದು ಸುತ್ತು ಬನ್ನಿ. ಯಾವ ಕುರ್ಚಿಗಳ ಬೆನ್ನಿಗೆ ಸ್ವೆಟರು, ಶಾಲು ನೇತುಹಾಕಿವೆ? ಏಪ್ರಿಲ್ ತಿಂಗಳಲ್ಲೂ ಅವು ಅಲ್ಲೇ ಇದ್ದರೆ ಎಸಿಯ ಗಾಳಿ ನೇರವಾಗಿ ಅಲ್ಲಿಗೇ ಹೊಡೆಯುತ್ತಿದೆ ಎಂದರ್ಥ. ತಲೆ ಎತ್ತಿ ನೋಡಿ, ಗಾಳಿ ಬರುವ ಜಾಲರಿಗೆ ರಟ್ಟು ಅಂಟಿಸಿರುತ್ತಾರೆ. ಗಾಜಿನ ಕಿಟಕಿಗೆ ಹಳೆಯ ದಿನಪತ್ರಿಕೆ ಅಂಟಿಸಿದ್ದರೆ ಅಲ್ಲಿ ಸಂಜೆಯ ಬಿಸಿಲು ಕಣ್ಣಿಗೆ ಕುಕ್ಕುತ್ತಿದೆ. ಕಾರಿಡಾರಿನ ತುದಿಯಲ್ಲಿ ಒಂಟಿ ಕುರ್ಚಿ ಕಂಡರೆ ಖಾಸಗಿಯಾಗಿ ಫೋನಿನಲ್ಲಿ ಮಾತನಾಡಲು ಈ ಕಚೇರಿಯಲ್ಲಿ ಜಾಗವಿಲ್ಲ. ಹಿಂದಿನಿಂದ ಯಾರು ಬಂದರೂ ಕಾಣಲೆಂದು ಪರದೆಯ ಅಂಚಿಗೆ ಪುಟ್ಟ ಕನ್ನಡಿ ಅಂಟಿಸಿಕೊಂಡವರೂ ಇದ್ದಾರೆ. ಬೆನ್ನ ಹಿಂದೆ ಜನ ಓಡಾಡುವ ಜಾಗದಲ್ಲಿ ಕೂತರೆ ಮನಸ್ಸು ಅರ್ಧ ಬೆನ್ನಿನ ಮೇಲೆಯೇ ಇರುತ್ತದೆ.

ಗಾಜಿನ ಕಟ್ಟಡದ ಒಂದು ಮಹಡಿಯಲ್ಲಿ ನಾನು ಹೀಗೆ ಓಡಾಡಿದಾಗ ಒಂದೇ ಸಾಲಿನ ಐದು ಮೇಜುಗಳ ಕೆಳಗೆ ಐದು ಜೊತೆ ಉಣ್ಣೆಯ ಕಾಲುಚೀಲ ಸಿಕ್ಕಿದವು. ಗಾಳಿ ಬೀಸುತ್ತಿದ್ದದ್ದು ಮೇಲಿನಿಂದ, ತಣ್ಣಗಾಗುತ್ತಿದ್ದದ್ದು ಪಾದ. ಆ ಸಾಲಿನಲ್ಲಿದ್ದವರೆಲ್ಲ ಹೆಣ್ಣುಮಕ್ಕಳು. ಒಬ್ಬರೂ ದೂರು ಕೊಟ್ಟಿರಲಿಲ್ಲ, ಏಕೆಂದರೆ ತಾಪಮಾನದ ಗುಂಡಿ ಇದ್ದದ್ದು ವಿಭಾಗದ ಮುಖ್ಯಸ್ಥರ ಕ್ಯಾಬಿನ್ನಿನ ಒಳಗೆ. ಮರುವಾರ ಗುಂಡಿಯ ಪೆಟ್ಟಿಗೆಯನ್ನು ಹೊರಗಿನ ಕಂಬಕ್ಕೆ ಬದಲಾಯಿಸಿದೆವು. ಎಲೆಕ್ಟ್ರಿಷಿಯನ್‌ಗೆ ಅರ್ಧ ದಿನದ ಕೆಲಸ.

ಈ ವಾರವೇ ಗ್ರಾಫ್ ಹಾಳೆಯಲ್ಲಿ ಒಂದು ಚೌಕಕ್ಕೆ ಒಂದು ಅಡಿಯಂತೆ ಕಚೇರಿಯ ನಕ್ಷೆ ಬರೆಯಿರಿ. ಬೆಳಿಗ್ಗೆ 11, ಮಧ್ಯಾಹ್ನ 1.30, ಸಂಜೆ 4, ಈ ಮೂರು ಹೊತ್ತಿನಲ್ಲಿ ಯಾರು ಎಲ್ಲಿ ನಿಂತು ಮಾತನಾಡುತ್ತಿದ್ದಾರೆಂದು ಚುಕ್ಕೆ ಇಡಿ. ಹೆಸರು ಬರೆಯಬೇಡಿ; ಬರೆದರೆ ಇದು ಬೇಹುಗಾರಿಕೆ ಆಗುತ್ತದೆ, ಜನ ಎದುರಿಗೆ ಸಿಗುವುದನ್ನೇ ನಿಲ್ಲಿಸುತ್ತಾರೆ. ಏಕೆ ಚುಕ್ಕೆ ಇಡುತ್ತಿದ್ದೀರೆಂದು ಮೊದಲೇ ಎಲ್ಲರಿಗೂ ಹೇಳಿಬಿಡಿ. ಐದು ದಿನದಲ್ಲಿ ಹಾಳೆಯ ಕೆಲವು ಮೂಲೆಗಳು ಕಪ್ಪಾಗುತ್ತವೆ, ಹಣ ಸುರಿದು ಮಾಡಿಸಿದ ಬಣ್ಣದ ಸೋಫಾದ ಮೂಲೆ ಬೆಳ್ಳಗೇ ಉಳಿಯುತ್ತದೆ.

ಮೂರನೇ ಹಂತ: ಬರೆದದ್ದು ಒಂದು ಕಡೆ, ಜೋಡಿಸಿದ್ದು ಇನ್ನೊಂದು ಕಡೆ

ಪುಟದ ನಡುವೆ ಗೆರೆ ಎಳೆಯಿರಿ. ಎಡಗಡೆ, ಗೋಡೆಯ ಮೇಲೆ ಬರೆದದ್ದನ್ನೂ ಸಭೆಗಳಲ್ಲಿ ಹೇಳುವುದನ್ನೂ ಬರೆಯಿರಿ. ಬಲಗಡೆ ಅದೇ ವಿಷಯದಲ್ಲಿ ಜಾಗ ಏನು ಹೇಳುತ್ತಿದೆ ಎಂದು ಬರೆಯಿರಿ. "ಯಾವಾಗ ಬೇಕಾದರೂ ಬಂದು ಮಾತನಾಡಿ" ಎನ್ನುವ ಮುಖ್ಯಸ್ಥರ ಕೋಣೆಗೆ ಹೋಗಲು ಸಹಾಯಕರ ಮೇಜು, ಒಂದು ಅರೆಬಾಗಿಲು, ಹನ್ನೆರಡು ಅಡಿ ಖಾಲಿ ನೆಲ ದಾಟಬೇಕು. ಒಳಗೆ ಅವರದ್ದು ಎತ್ತರದ ಬೆನ್ನಿನ ಕುರ್ಚಿ, ಬಂದವರದ್ದು ಗಿಡ್ಡ ಕುರ್ಚಿ. "ನಾವೆಲ್ಲ ಒಂದೇ ಕುಟುಂಬ" ಎಂದು ಬರೆದ ಗೋಡೆಯ ಕೆಳಗೇ ಎರಡು ಬಗೆಯ ಲೋಟಗಳಿವೆ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಎರಡೂ ಕಡೆ ಹೊಂದುವ ಕಚೇರಿಯನ್ನು ನೋಡಬೇಕೆಂದರೆ ಹೋಟೆಲುಗಳಿಂದ ಕಲಿಯಬಹುದು. ಲಾಲ್‌ಬಾಗ್ ರಸ್ತೆಯ ಎಂಟಿಆರ್‌ನಲ್ಲಿ ಒಂದು ಕಾಲದಲ್ಲಿ ಊಟಕ್ಕೆ ಬಂದವರು ಅಡುಗೆಮನೆಯ ಮೂಲಕ ಹಾದು ಒಳಗೆ ಹೋಗುವ ವ್ಯವಸ್ಥೆ ಇತ್ತು. "ಇಲ್ಲಿ ಶುಚಿತ್ವ ಕಾಪಾಡುತ್ತೇವೆ" ಎಂಬ ಫಲಕದ ಅಗತ್ಯ ಗ್ರಾಹಕರಿಗೂ ಬೀಳುವುದಿಲ್ಲ, ಅಡುಗೆಯವರಿಗೂ ಬೀಳುವುದಿಲ್ಲ. ನೂರಾರು ಕಣ್ಣು ಹಾದುಹೋಗುವ ಜಾಗದಲ್ಲಿ ಒಲೆಕಟ್ಟೆ ತಾನಾಗಿ ಒರೆಸಿಕೊಳ್ಳುತ್ತದೆ.

ಪಟ್ಟಿಯಲ್ಲಿ ಜಗಳ ಬಿದ್ದ ಸಾಲುಗಳಿಗೆ ಕೆಂಪು ಗುರುತು ಹಾಕಿ. ಮುಂದಿನ ಹಂತಗಳೆಲ್ಲ ಆ ಕೆಂಪು ಗುರುತುಗಳಿಗಾಗಿ.

ನಾಲ್ಕನೇ ಹಂತ: ದೂರ ಅಳೆಯಿರಿ

ಇಬ್ಬರು ದಿನಕ್ಕೆ ಹಲವು ಬಾರಿ ಮಾತನಾಡಬೇಕಾದವರು ಎಂದಿಟ್ಟುಕೊಳ್ಳಿ. ಅವರ ಮೇಜುಗಳ ನಡುವೆ ಎಷ್ಟು ಹೆಜ್ಜೆ ಇದೆಯೆಂದು ನಡೆದು ನೋಡಿ. ಅಮೆರಿಕದ ಎಂಐಟಿಯಲ್ಲಿದ್ದ ಥಾಮಸ್ ಅಲೆನ್ ಅವರು ಎಂಜಿನಿಯರುಗಳ ನಡುವಿನ ಮಾತುಕತೆಯನ್ನು ವರ್ಷಗಟ್ಟಲೆ ಅಳೆದು 1970ರ ದಶಕದಲ್ಲಿ ತೋರಿಸಿದ್ದು ಇದನ್ನೇ: ಮೇಜುಗಳ ನಡುವಿನ ದೂರ ಹೆಚ್ಚಿದಂತೆ ಮಾತುಕತೆ ಮೆಲ್ಲಗೆ ಕಡಿಮೆಯಾಗುವುದಿಲ್ಲ, ಕಡಿದಾಗಿ ಬೀಳುತ್ತದೆ. 50 ಮೀಟರ್ ದಾಟಿದ ಮೇಲೆ ಒಂದೇ ಕಟ್ಟಡದಲ್ಲಿದ್ದರೂ ಬೇರೆ ಊರಿನಲ್ಲಿದ್ದ ಹಾಗೆಯೇ. ಬೇರೆ ಮಹಡಿಯಾದರೆ ಇನ್ನೂ ಕಷ್ಟ. ಎರಡು ವಿಭಾಗಗಳು "ಹೊಂದಿಕೊಂಡು ಹೋಗುತ್ತಿಲ್ಲ" ಎಂಬ ದೂರು ಬಂದಾಗ ನಾನು ಮೊದಲು ಕೇಳುವುದು ಅವರ ನಡುವೆ ಎಷ್ಟು ಮೆಟ್ಟಿಲುಗಳಿವೆ ಎಂದು.

ಹಾಗಾದರೆ ಗೋಡೆಗಳನ್ನೆಲ್ಲ ಒಡೆದು ಎಲ್ಲರನ್ನೂ ಒಂದೇ ಹಜಾರದಲ್ಲಿ ಕೂರಿಸಿದರೆ ಸರಿಯೇ? ಹೊರವರ್ತುಲ ರಸ್ತೆಯ ಉದ್ದಕ್ಕೂ ನಡೆದಿರುವುದು ಇದೇ. ಆದರೆ ತೆರೆದ ಹಜಾರಕ್ಕೆ ಸ್ಥಳಾಂತರಗೊಂಡ ಎರಡು ಕಂಪನಿಗಳನ್ನು ಹಾರ್ವರ್ಡಿನ ಸಂಶೋಧಕರು ಅಧ್ಯಯನ ಮಾಡಿ 2018ರಲ್ಲಿ ಪ್ರಕಟಿಸಿದ ಫಲಿತಾಂಶ ಕಣ್ಣು ತೆರೆಸುವಂಥದ್ದು. ಮುಖಾಮುಖಿ ಮಾತುಕತೆ ಸುಮಾರು 70 ಶೇಕಡಾ ಇಳಿಯಿತು, ಇಮೇಲ್ ಮತ್ತು ಸಂದೇಶಗಳು ಏರಿದವು. ನನಗಿದು ಆಶ್ಚರ್ಯವೆನಿಸಲಿಲ್ಲ. ಎಲ್ಲರ ಕಿವಿಗೆ ಬೀಳುವಂತೆ ಯಾರು ತಾನೇ ಬಾಯಿ ಬಿಡುತ್ತಾರೆ? ಗೋಡೆ ಇಲ್ಲದ ಕಡೆ ಜನ ಇಯರ್‌ಫೋನನ್ನೇ ಗೋಡೆ ಮಾಡಿಕೊಳ್ಳುತ್ತಾರೆ.

ಮಾಡಬೇಕಾದದ್ದು ಇಷ್ಟು. ಒಟ್ಟಿಗೆ ಕೆಲಸ ಮಾಡುವ ಆರರಿಂದ ಹತ್ತು ಜನರನ್ನು ಒಂದು ಗುಂಪಾಗಿ, 10 ಮೀಟರ್ ಒಳಗೆ ಕೂರಿಸಿ. ಗುಂಪಿಗೂ ಗುಂಪಿಗೂ ನಡುವೆ ಪುಸ್ತಕದ ಕಪಾಟನ್ನೋ ಗಿಡಗಳ ಸಾಲನ್ನೋ ಇಡಿ. ಇಬ್ಬರು ಬಾಗಿಲು ಮುಚ್ಚಿಕೊಂಡು ಮಾತನಾಡಲು ಒಂದಾದರೂ ಪುಟ್ಟ ಕೋಣೆ ಇರಲಿ, ಅದಕ್ಕೆ ಮುಂಗಡ ನೋಂದಣಿಯ ರಗಳೆ ಬೇಡ. ಮಾತುಕತೆಗೆ ಇಡುವ ಕುರ್ಚಿಗಳ ನಡುವಿನ ಅಂತರವನ್ನೂ ಗಮನಿಸಿ. ಎಡ್ವರ್ಡ್ ಹಾಲ್ ಎಂಬ ಮಾನವಶಾಸ್ತ್ರಜ್ಞರು ಅಮೆರಿಕದ ಜನರನ್ನು ಗಮನಿಸಿ, ಆಪ್ತ ಮಾತಿಗೆ 45 ಸೆಂ.ಮೀ.ನಿಂದ 1.2 ಮೀಟರ್, ವ್ಯವಹಾರದ ಮಾತಿಗೆ ಅಲ್ಲಿಂದ 3.6 ಮೀಟರ್ ಎಂದು ಗುರುತಿಸಿದ್ದರು. ನಮ್ಮ ಬಿಎಂಟಿಸಿ ಬಸ್ಸಿನಲ್ಲಿ ಬೆಳೆದವರ ಲೆಕ್ಕ ಇನ್ನೂ ಹತ್ತಿರದ್ದಿರಬಹುದು. ಆದರೆ ನಾಲ್ಕು ಮೀಟರ್ ಆಚೆ ಕುಳಿತವರೊಂದಿಗೆ ಭಾಷಣ ಮಾಡಬಹುದೇ ಹೊರತು ಕಷ್ಟ ಹೇಳಿಕೊಳ್ಳಲಾಗದು ಎಂಬುದು ಇಲ್ಲಿಗೂ ಅನ್ವಯಿಸುತ್ತದೆ.

ಐದನೇ ಹಂತ: ಜನ ಸೇರುವ ಜಾಗವನ್ನು ದಾರಿಯ ಮೇಲಿಡಿ

1950ರ ದಶಕದಲ್ಲಿ ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ಮನೋವೈದ್ಯ ಹಂಫ್ರಿ ಆಸ್ಮಂಡ್ ಅವರು ಜಾಗಗಳನ್ನು ಎರಡು ಬಗೆಯಾಗಿ ವಿಂಗಡಿಸಿದರು: ಜನರನ್ನು ಒಬ್ಬರ ಕಡೆಗೊಬ್ಬರು ಸೆಳೆಯುವವು, ಒಬ್ಬರಿಂದೊಬ್ಬರನ್ನು ದೂಡುವವು. ಅವರ ಆಸ್ಪತ್ರೆಯ ವೃದ್ಧೆಯರ ವಾರ್ಡಿನಲ್ಲಿ ಕುರ್ಚಿಗಳೆಲ್ಲ ಗೋಡೆಗೆ ಒರಗಿ ಸಾಲಾಗಿದ್ದವು, ಯಾರೂ ಮಾತನಾಡುತ್ತಿರಲಿಲ್ಲ. ಸಹೋದ್ಯೋಗಿ ರಾಬರ್ಟ್ ಸಾಮರ್ ಅವುಗಳನ್ನು ಪುಟ್ಟ ಚೌಕ ಮೇಜುಗಳ ಸುತ್ತ ಇರಿಸಿದರು. ಮೊದಮೊದಲು ಕುರ್ಚಿಗಳು ಮತ್ತೆ ಗೋಡೆಗೇ ಹೋಗಿ ಸೇರುತ್ತಿದ್ದವು. ಕೆಲವು ವಾರಗಳ ನಂತರ ಎಣಿಸಿದಾಗ ಮಾತುಕತೆ ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು. ನಿಮ್ಮ ಸ್ವಾಗತ ಕೊಠಡಿಯ ಕುರ್ಚಿಗಳೂ ಗೋಡೆಗೆ ಅಂಟಿಕೊಂಡಿವೆಯೇ ಎಂದು ಈಗಲೇ ನೋಡಿ.

ಜಯನಗರದ ಕಚೇರಿಯಲ್ಲಿ ನಾನು ಮಾಡಿದ ಒಂದು ಬದಲಾವಣೆಯನ್ನು ವಿವರವಾಗಿ ಹೇಳುತ್ತೇನೆ. 42 ಜನ. ಕೆಳಗೆ ನಕ್ಷೆ ಬರೆಯುವವರು, ಮೇಲೆ ಲೆಕ್ಕಪತ್ರದವರು. ಕಾಫಿಯ ಸ್ಟೀಲ್ ಡ್ರಮ್ಮು ಹಿಂದಿನ ಅಡುಗೆಮನೆಯಲ್ಲಿ, ಮಾಲೀಕರ ಕೋಣೆಯ ಬಾಗಿಲಿಗೆ ತಾಗಿಕೊಂಡು. ಜನ ಬರುತ್ತಿದ್ದರು, ಲೋಟ ತುಂಬಿಕೊಂಡು ತಲೆ ತಗ್ಗಿಸಿ ಓಡುತ್ತಿದ್ದರು. ಕೆಳಗಿನವರೂ ಮೇಲಿನವರೂ ಪ್ರತಿ ಬಿಲ್ಲಿಗೂ ಪತ್ರ ಬರೆದುಕೊಂಡು ಕಾದಾಡುತ್ತಿದ್ದರು.

ಮೆಟ್ಟಿಲು ತಿರುಗುವ ಕಡೆ ಒಂದು ಅಗಲವಾದ ಹಾಸು ಇತ್ತು, ಕಿಟಕಿಯಾಚೆ ಹೊಂಗೆ ಮರ. ಅಲ್ಲಿ ಮೂರೂವರೆ ಅಡಿ ಎತ್ತರಕ್ಕೆ 14 ಅಂಗುಲ ಅಗಲದ ಕಪ್ಪುಕಲ್ಲಿನ ಹಲಗೆ ಕೂರಿಸಿ, ಡ್ರಮ್ಮನ್ನೂ 20 ಲೀಟರ್ ನೀರಿನ ಕ್ಯಾನನ್ನೂ ಅಲ್ಲಿಗೆ ತಂದೆವು. ಎತ್ತರದ ಲೆಕ್ಕವನ್ನು ನಾನು ದರ್ಶಿನಿಗಳಿಂದ ಕಲಿತೆ. ನಿಂತು ತಿನ್ನುವ ಆ ಮೇಜು ಮೊಣಕೈ ಊರಲು ಸರಿಯಾಗಿರುತ್ತದೆ, ಅಪರಿಚಿತರೂ ಲೋಟ ಇಡಲು ಜಾಗ ಹಂಚಿಕೊಳ್ಳುತ್ತಾರೆ, ಹತ್ತು ನಿಮಿಷಕ್ಕಿಂತ ಹೆಚ್ಚು ಯಾರೂ ನಿಲ್ಲುವುದಿಲ್ಲ. "ಕೆಲಸ ಬಿಟ್ಟು ಹರಟುತ್ತಾರೆ" ಎಂದು ಮಾಲೀಕರು ಆತಂಕಪಟ್ಟಾಗ ಇದನ್ನೇ ಹೇಳಿ ಒಪ್ಪಿಸಿದೆ.

ಎರಡನೇ ವಾರ ನಾನು ಕಣ್ಣಾರೆ ಕಂಡದ್ದು: ನಕ್ಷೆ ವಿಭಾಗದ ಹಿರಿಯರೊಬ್ಬರು ಲೋಟದಿಂದ ಚೆಲ್ಲಿದ ಕಾಫಿಯಲ್ಲಿ ಬೆರಳು ಅದ್ದಿ, ಆ ಕಲ್ಲಿನ ಮೇಲೆಯೇ ಒಂದು ಬಾಗಿಲಿನ ಚೌಕಟ್ಟು ಬರೆದರು. "ನೋಡಿ ಮೇಡಂ, ಗಿರಾಕಿ ಇಲ್ಲಿ ಆರಂಗುಲ ಹೆಚ್ಚು ಕೇಳಿದರು. ಅದಕ್ಕೇ ಬಿಲ್ಲು ಏರಿದ್ದು." ಲೆಕ್ಕಪತ್ರದ ಮೇಡಂ ತಲೆಯಾಡಿಸಿದರು. ಹದಿನೈದು ದಿನದಿಂದ ಪತ್ರಗಳಲ್ಲಿ ಬಗೆಹರಿಯದಿದ್ದ ವಿಷಯ ಕಾಫಿ ಆರುವ ಮೊದಲು ಬಗೆಹರಿಯಿತು. ಹೌಸ್‌ಕೀಪಿಂಗ್ ಅಕ್ಕ ಬಂದು ಕಲ್ಲು ಒರೆಸಿದರು.

ದೊಡ್ಡ ಕಟ್ಟಡದಲ್ಲಿ ಇದೇ ಕೆಲಸವನ್ನು ಕಾರಿಡಾರ್ ಮಾಡಬಲ್ಲದು. ಬನ್ನೇರುಘಟ್ಟ ರಸ್ತೆಯ ಐಐಎಂ ಆವರಣವನ್ನು ವಿನ್ಯಾಸಗೊಳಿಸಿದ ಬಾಲಕೃಷ್ಣ ದೋಶಿಯವರು ಫತೇಪುರ ಸಿಕ್ರಿಯ ಅಂಗಳಗಳಿಂದ ಪ್ರೇರಣೆ ಪಡೆದು ಒರಟು ಕಲ್ಲಿನ ಉದ್ದನೆಯ, ಅಗಲವಾದ, ಅಲ್ಲಲ್ಲಿ ಆಕಾಶ ಕಾಣುವ ಹಜಾರಗಳನ್ನು ಕಟ್ಟಿದರು. ಬೆಂಗಳೂರಿನ ಹವೆ ಅದಕ್ಕೆ ಅವಕಾಶ ಕೊಟ್ಟಿತು. ಅಲ್ಲಿ ತರಗತಿಯಿಂದ ತರಗತಿಗೆ ಹೋಗುವುದೆಂದರೆ ದಾರಿಯಲ್ಲಿ ಯಾರಾದರೂ ಸಿಗುವುದು. 2018ರಲ್ಲಿ ಅವರಿಗೆ ವಾಸ್ತುಶಿಲ್ಪದ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಬಂದಾಗ ನನಗೆ ಆ ಹಜಾರಗಳೇ ನೆನಪಾದವು. ನಿಮ್ಮ ಕಾರಿಡಾರ್ ಐದಡಿಯದ್ದೇ ಇರಬಹುದು. ಅದರ ಒಂದು ತಿರುವಿನಲ್ಲಿ ಒಂದು ಬೆಂಚಿಗೆ ಜಾಗ ಸಿಕ್ಕೀತು, ಹುಡುಕಿ.

ಆರನೇ ಹಂತ: ಬೆಳಕು, ಗಾಳಿ, ಸದ್ದು

ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ವರ್ಷದ ಬಹುಭಾಗ ಕಿಟಕಿ ತೆರೆದು, ಫ್ಯಾನು ಹಾಕಿ ಕೆಲಸ ಮಾಡಬಹುದಾದ ಊರು ಇದು. ಹಾಗಿದ್ದೂ ತೆರೆಯಲಾಗದ ಗಾಜಿನ ಹಿಂದೆ ಸ್ವೆಟರ್ ಹಾಕಿ ಕೂರುತ್ತಿದ್ದೇವೆ ಎಂಬುದು ನನಗೆ ಪ್ರತಿದಿನದ ನೋವು. ತೆರೆಯಬಹುದಾದ ಕಿಟಕಿ ಒಂದಿದ್ದರೂ ಅದರ ಮುಂದಿನ ಕಪಾಟನ್ನು ಇವತ್ತೇ ಸರಿಸಿ.

ಪಶ್ಚಿಮದ ಗಾಜಿಗೆ ಹೊರಗಿನಿಂದ ನೆರಳು ಬೇಕು. ಒಳಗಿನ ಪರದೆ ಬೆಳಕನ್ನು ತಡೆಯುತ್ತದೆ, ಒಳಗೆ ಬಂದುಬಿಟ್ಟ ಬಿಸಿಯನ್ನು ಪೂರ್ತಿ ತಡೆಯುವುದಿಲ್ಲ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲ ಸೂರ್ಯ ನಮಗೆ ಉತ್ತರಕ್ಕಿರುತ್ತಾನೆ. ಆದರೂ ಆಗ ನೆತ್ತಿಯ ಹತ್ತಿರವೇ ಇರುವುದರಿಂದ ಉತ್ತರದ ಕಿಟಕಿಗೆ ಚಿಕ್ಕ ಸಜ್ಜಾ ಸಾಕು. ಹೆಚ್ಚು ಓದುವ, ಬರೆಯುವ ಕೆಲಸದವರನ್ನು ಉತ್ತರದ ಬೆಳಕಿಗೆ ಕೂರಿಸಿ. ಕಿಟಕಿ ಪಕ್ಕಕ್ಕೆ ಬರುವಂತೆ ಕಂಪ್ಯೂಟರ್ ಪರದೆ ಇಡಿ. ಕಿಟಕಿ ಎದುರಿಗಿದ್ದರೆ ಕಣ್ಣು ಸೋಲುತ್ತದೆ, ಬೆನ್ನಿಗಿದ್ದರೆ ಪರದೆಯಲ್ಲಿ ಅದೇ ಹೊಳೆಯುತ್ತದೆ. ಮೇಜಿನ ಮೇಲೆ 300ರಿಂದ 500 ಲಕ್ಸ್ (ಬೆಳಕನ್ನು ಅಳೆಯುವ ಮಾನ) ಬೆಳಕು ಇದ್ದರೆ ಸಾಮಾನ್ಯ ಕಚೇರಿ ಕೆಲಸಕ್ಕೆ ಸಾಕು. ಮೊಬೈಲ್ ಆ್ಯಪಿನ ಅಳತೆ ಅಂದಾಜು ಮಾತ್ರ, ಹೋಲಿಸಲು ಅಷ್ಟು ಸಾಲುತ್ತದೆ.

ಸಭಾ ಕೊಠಡಿಯ ಗಾಳಿಯನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 420 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ 420 ಭಾಗ, ಇರುತ್ತದೆ. ಎಂಟು ಜನ ಮುಚ್ಚಿದ ಸಣ್ಣ ಕೋಣೆಯಲ್ಲಿ ಒಂದು ಗಂಟೆ ಕೂತರೆ ಅದು ಸಾವಿರ ದಾಟುವುದು ಮಾಮೂಲು. ಗೋಡೆಯ ಎಸಿ ಒಳಗಿನ ಗಾಳಿಯನ್ನೇ ತಣ್ಣಗೆ ಮಾಡಿ ತಿರುಗಿಸುತ್ತದೆ, ಹೊಸ ಗಾಳಿ ತರುವುದಿಲ್ಲ. ಮಧ್ಯಾಹ್ನದ ಸಭೆಯಲ್ಲಿ ಆಕಳಿಸಿದವರನ್ನು ಗದರಿಸುವ ಮೊದಲು ಬಾಗಿಲು ತೆರೆದು ನೋಡಿ.

ಕಿಟಕಿಯಾಚೆ ಏನಿದೆ ಎಂಬುದೂ ಮುಖ್ಯ. ರೋಜರ್ ಉಲ್ರಿಚ್ ಎಂಬ ಸಂಶೋಧಕರು 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ ರೋಗಿಗಳ ಪೈಕಿ ಮರಗಳು ಕಾಣುವ ಕೋಣೆಯಲ್ಲಿದ್ದವರು ಇಟ್ಟಿಗೆ ಗೋಡೆ ಕಾಣುವ ಕೋಣೆಯಲ್ಲಿದ್ದವರಿಗಿಂತ ಬೇಗ ಮನೆಗೆ ಹೋದರು, ತೀವ್ರ ನೋವುನಿವಾರಕಗಳನ್ನೂ ಕಡಿಮೆ ಬಳಸಿದರು. ಅದು ಆಸ್ಪತ್ರೆ, 46 ರೋಗಿಗಳ ಚಿಕ್ಕ ಅಧ್ಯಯನ. ಕಚೇರಿಗೆ ನೇರವಾಗಿ ಹೊಂದಿಸಲಾಗದು. ಆದರೂ ಮರ ಕಾಣುವ ಕಿಟಕಿಯನ್ನು ಫೈಲ್ ಕಪಾಟಿಗೆ ಬಿಟ್ಟುಕೊಡಬೇಡಿ.

ಏಳನೇ ಹಂತ: ಯಾರಿಗೆ ಕುರ್ಚಿ, ಯಾರಿಗೆ ಯಾವ ಲೋಟ

ಬೇರೆ ಯಾವ ಹಂತ ಬಿಟ್ಟರೂ ಇದನ್ನು ಬಿಡಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ನಮ್ಮ ಕಚೇರಿಗಳಲ್ಲಿ ಅಂತಸ್ತನ್ನು ಹೇಳಲು ಬಾಯಿ ಬೇಕಾಗಿಲ್ಲ. ಅಧಿಕಾರಿಯ ಕುರ್ಚಿಯ ಬೆನ್ನಿಗೆ ಬಿಳಿ ಟವೆಲ್, ಮೇಜಿನ ಮೇಲೆ ಕರೆಗಂಟೆ, ಬಂದವರಿಗೆ ಪ್ಲಾಸ್ಟಿಕ್ ಕುರ್ಚಿ. ಟವೆಲ್ ಬೆವರಿಗೆಂದು ಬಂದದ್ದಿರಬಹುದು, ಈಗ ಎಸಿ ಕೋಣೆಯಲ್ಲೂ ಅದು ಪದವಿಯ ಬಾವುಟವಾಗಿ ನಿಂತಿದೆ. ಖಾಸಗಿ ಕಂಪನಿಗಳಲ್ಲಿ ಟವೆಲ್ ಇಲ್ಲ. ಅಲ್ಲಿ ಬೇಸ್‌ಮೆಂಟಿನಲ್ಲಿ ಲಿಫ್ಟಿಗೆ ಹತ್ತಿರದ ಪಾರ್ಕಿಂಗ್ ಯಾರಿಗೆ, ಕಿಟಕಿಯ ಪಕ್ಕದ ಮೇಜು ಯಾರಿಗೆ ಎಂಬುದು ಅದೇ ಕೆಲಸ ಮಾಡುತ್ತದೆ.

ಪಟ್ಟಿ ಮಾಡಿ. ದಿನಕ್ಕೆ ಹನ್ನೆರಡು ಗಂಟೆ ನಿಲ್ಲುವ ಕಾವಲಿನವರಿಗೆ ಕುರ್ಚಿ ಇದೆಯೇ? ಹೌಸ್‌ಕೀಪಿಂಗ್‌ನವರು ಮಧ್ಯಾಹ್ನ ಎಲ್ಲಿ ಊಟ ಮಾಡುತ್ತಾರೆ? ನಾನು ಕಂಡ ಬಹುತೇಕ ಕಡೆ ಉತ್ತರ ಒಂದೇ: ಮೆಟ್ಟಿಲ ಕೆಳಗೆ, ಪೊರಕೆ ಬಕೆಟ್ಟುಗಳ ಪಕ್ಕ. ಅವರು ತೊಳೆಯುವ ಶೌಚಾಲಯವನ್ನು ಅವರೇ ಬಳಸಬಹುದೇ, ಅಥವಾ ಬೇಸ್‌ಮೆಂಟಿಗೆ ಹೋಗಬೇಕೇ? ಪ್ಯಾಂಟ್ರಿಯಲ್ಲಿ ಪಿಂಗಾಣಿ ಕಪ್ಪುಗಳ ಪಕ್ಕ ಬೇರೆಯಾಗಿ ಬೋರಲು ಹಾಕಿದ ಎರಡು ಸ್ಟೀಲ್ ಲೋಟ ಯಾರವು? ಆ ಲೋಟ ಏನು ಹೇಳುತ್ತದೆಂದು ನಮ್ಮ ಸಮಾಜದಲ್ಲಿ ಹುಟ್ಟಿದ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮೊದಲ ದಿನ ಕೆಲಸಕ್ಕೆ ಬಂದ ಇಪ್ಪತ್ತೆರಡರ ಹುಡುಗ ಅದನ್ನು ನೋಡುತ್ತಾನೆ, ಕಲಿಯುತ್ತಾನೆ, ಹೌಸ್‌ಕೀಪಿಂಗ್ ಅಕ್ಕನ ಜೊತೆ ಹೇಗೆ ಮಾತನಾಡಬೇಕೆಂದು ಅಲ್ಲಿಯೇ ನಿರ್ಧರಿಸುತ್ತಾನೆ.

ಒಂದು ಕಚೇರಿಯಲ್ಲಿ ನಾನು ಹಳೆಯ ಲೋಟ, ಕಪ್ಪುಗಳನ್ನೆಲ್ಲ ತೆಗೆಸಿ ಎಲ್ಲರಿಗೂ ಒಂದೇ ಬಗೆಯ ಐವತ್ತು ಸ್ಟೀಲ್ ಲೋಟ ತರಿಸಿದೆ. ಸುತ್ತೋಲೆ ಹೊರಡಿಸಲಿಲ್ಲ, ಕಾರಣ ಹೇಳಲಿಲ್ಲ. ಮೂರು ವಾರ ಅಲ್ಲಿನ ಹೌಸ್‌ಕೀಪಿಂಗ್ ಅಕ್ಕ ತಮ್ಮದೊಂದನ್ನು ಮೂಲೆಯಲ್ಲಿ ಬೇರೆಯೇ ಇಟ್ಟುಕೊಂಡರು. ನಾಲ್ಕನೇ ವಾರ ಅದು ಉಳಿದವುಗಳ ಜೊತೆ ಸೇರಿತ್ತು.

ಕೂರುವ ಹಕ್ಕು ಕೃಪೆಯ ವಿಷಯವಲ್ಲ. ನಿಂತು ಕೆಲಸ ಮಾಡುವವರಿಗೆ ಕೂರಲು ವ್ಯವಸ್ಥೆ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಅಂಗಡಿಗಳಿಗೆ ಇದು ಬಂದದ್ದು ಬಹಳ ತಡವಾಗಿ. ಕೋಳಿಕ್ಕೋಡಿನ ಬಟ್ಟೆ ಅಂಗಡಿಗಳ ಹೆಣ್ಣುಮಕ್ಕಳು ವರ್ಷಗಟ್ಟಲೆ ಹೋರಾಡಿದ ಮೇಲೆ 2018ರಲ್ಲಿ ಕೇರಳ, 2021ರಲ್ಲಿ ತಮಿಳುನಾಡು ಕಾನೂನು ತಿದ್ದುಪಡಿ ಮಾಡಿದವು. ನಮ್ಮ ಚಿಕ್ಕಪೇಟೆಯ ಹಳೆಯ ರೇಷ್ಮೆ ಅಂಗಡಿಗಳಲ್ಲಿ ಬಿಳಿ ಹಾಸಿನ ಗಾದಿಯ ಮೇಲೆ ಕೊಳ್ಳುವವರೂ ಮಾರುವವರೂ ಒಂದೇ ಮಟ್ಟದಲ್ಲಿ ಕೂರುತ್ತಾರೆ. ಸೀರೆ ಮಡಿಲಿಗೆ ಬರುತ್ತದೆ, ಮಾತು ಮನೆಯವರ ಹಾಗೆ ಸಾಗುತ್ತದೆ. ಅದೇ ವ್ಯಾಪಾರ ಗಾಜಿನ ಮಳಿಗೆಗೆ ಬಂದಾಗ ಮಾರುವ ಹೆಣ್ಣುಮಗಳು ಇಡೀ ದಿನ ನಿಂತುಬಿಟ್ಟಳು.

ಕೌಂಟರ್ ಇರುವ ಕಚೇರಿಗಳಿಗೆ ಒಂದು ಮಾತು. ಕಿಂಡಿಯ ಮುಂದೆ ಹೊರಗಡೆಯೂ ಒಂದು ಕುರ್ಚಿ ಹಾಕಿ, ಇಬ್ಬರೂ ಕೂತು ಮಾತನಾಡಲಿ. ಅದಕ್ಕೆ ಜಾಗವಿಲ್ಲದಿದ್ದರೆ ಒಳಗಿನ ನೆಲವನ್ನು ಎತ್ತರಿಸಿ ಇಬ್ಬರ ಕಣ್ಣೂ ಒಂದೇ ಮಟ್ಟಕ್ಕೆ ಬರುವಂತೆ ಮಾಡಬಹುದು. ಗಾಲಿಕುರ್ಚಿಯವರಿಗೆ ಒಂದು ಕೌಂಟರ್ ತಗ್ಗಿನಲ್ಲೇ ಇರಲಿ.

ಎಂಟನೇ ಹಂತ: ಫಲಕಗಳು

ಇದನ್ನು ಬೇಗ ಮುಗಿಸಬಹುದು. ಹೊರಗಿನ ನಾಮಫಲಕದಲ್ಲಿ 60 ಶೇಕಡಾ ಕನ್ನಡ ಇರಬೇಕೆಂಬ ನಿಯಮವನ್ನು ನೀವು ಪಾಲಿಸುತ್ತಿರಬಹುದು. ಒಳಗೆ ಬನ್ನಿ: ಬೆಂಕಿ ಬಿದ್ದರೆ ಯಾವ ಕಡೆ ಓಡಬೇಕು, ಯಾವ ಸ್ವಿಚ್ ಮುಟ್ಟಬಾರದು, ಯಾವ ಡಬ್ಬಿಯಲ್ಲಿ ಆ್ಯಸಿಡ್ ಇದೆ ಎಂಬುದು ಇಂಗ್ಲಿಷಿನಲ್ಲಿ ಮಾತ್ರ ಇರುತ್ತದೆ. ಆ ಡಬ್ಬಿಯನ್ನು ಮುಟ್ಟುವವರು ಓದಬಲ್ಲದ್ದು ಕನ್ನಡ, ತೆಲುಗು, ತಮಿಳು ಅಥವಾ ಹಿಂದಿ. ಲೈಂಗಿಕ ಕಿರುಕುಳ ತಡೆಯ 2013ರ ಕಾಯ್ದೆಯಂತೆ ದೂರು ಸಮಿತಿಯ ವಿವರ ಎದ್ದುಕಾಣುವ ಕಡೆ ಇರಬೇಕು. ಅದು ಮುಖ್ಯಸ್ಥರ ಬಾಗಿಲ ಪಕ್ಕ ಇದ್ದರೆ ಯಾವ ಹೆಣ್ಣುಮಗಳೂ ನಿಂತು ನಂಬರ್ ಬರೆದುಕೊಳ್ಳಲಾರಳು. ಮಹಿಳೆಯರ ಶೌಚಾಲಯದ ಒಳಗೂ ಒಂದು ಪ್ರತಿ ಹಾಕಿ. ಒಂದೇ ಗೋಡೆಗೆ ಐದಕ್ಕಿಂತ ಹೆಚ್ಚು ಸೂಚನೆಗಳಿದ್ದರೆ ಯಾವುದನ್ನೂ ಯಾರೂ ಓದುವುದಿಲ್ಲ, ಹಳೆಯವನ್ನು ಕಿತ್ತುಹಾಕಿ.

ಒಂಬತ್ತನೇ ಹಂತ: ಟೇಪು ಅಂಟಿಸಿ ಪರೀಕ್ಷಿಸಿ

ಗಾರೆ ಕೆಲಸಕ್ಕೆ ಕೈಹಾಕುವ ಮೊದಲು ಮಾಸ್ಕಿಂಗ್ ಟೇಪಿನಿಂದ ಹೊಸ ಜೋಡಣೆಯನ್ನು ನೆಲದ ಮೇಲೆ ಬರೆದು, ಇರುವ ಮೇಜುಗಳನ್ನೇ ಸರಿಸಿ ನಾಲ್ಕು ವಾರ ಬಿಡಿ. ಒಂದು ಬಾರಿಗೆ ಒಂದೇ ಬದಲಾವಣೆ. ಮತ್ತೆ ಅದೇ ಮೂರು ಹೊತ್ತಿನಲ್ಲಿ ಚುಕ್ಕೆ ಇಟ್ಟು ಹಳೆಯ ಹಾಳೆಯ ಪಕ್ಕ ಹೊಸದನ್ನು ಇಡಿ.

ಮೊದಲ ವಾರದ ಉತ್ಸಾಹವನ್ನು ಮಾತ್ರ ನಂಬಬೇಡಿ. 1924ರಲ್ಲಿ ಷಿಕಾಗೋ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ ಬೆಳಕಿಗೂ ಉತ್ಪಾದನೆಗೂ ಇರುವ ಸಂಬಂಧ ತಿಳಿಯಲು ಪ್ರಯೋಗ ಆರಂಭಿಸಿದರು. ಸರಳವಾದ ಸಂಬಂಧ ಸಿಗಲಿಲ್ಲ. ಜನ ಬದಲಾದದ್ದು ತಮ್ಮನ್ನು ಯಾರೋ ಗಮನಿಸುತ್ತಿದ್ದಾರೆ ಎಂಬುದರಿಂದಲೂ ಇರಬಹುದೆಂಬ ಚರ್ಚೆ ಅಲ್ಲಿಂದ ಹುಟ್ಟಿತು, ಇನ್ನೂ ಮುಗಿದಿಲ್ಲ. ಹಾಗಾಗಿ ನಾಲ್ಕನೇ ವಾರದ ಹಾಳೆಗೆ ಮೊದಲ ವಾರದ್ದಕ್ಕಿಂತ ಹೆಚ್ಚು ಬೆಲೆ ಕೊಡಿ. ಬದಲಾವಣೆಯನ್ನು ಅಲ್ಲಿ ಕೂರುವವರನ್ನು ಕೇಳಿಯೇ ಮಾಡಿ. ಹೇಳದೆ ಕೇಳದೆ ಮೇಜು ಎತ್ತಿಟ್ಟರೆ, ಜೋಡಣೆ ಎಷ್ಟೇ ಚೆನ್ನಾಗಿದ್ದರೂ ಅವರಿಗೆ ಕೇಳಿಸುವುದು "ನಿನ್ನ ಮಾತಿಗೆ ಇಲ್ಲಿ ಬೆಲೆಯಿಲ್ಲ" ಎಂಬುದು ಮಾತ್ರ.

ಹಣ ಕಡಿಮೆ ಇದ್ದರೆ ನನ್ನ ಕ್ರಮ ಇದು: ಮೊದಲು ಲೋಟ, ಕಾವಲಿನವರ ಕುರ್ಚಿ, ಊಟದ ಜಾಗ. ಆಮೇಲೆ ಕಾಫಿ, ನೀರಿನ ಜಾಗ. ಅದಾದ ಮೇಲೆ ಗುಂಪುಗಳ ಜೋಡಣೆ. ಕೊನೆಗೆ ಬೆಳಕು, ನೆರಳು, ಪೀಠೋಪಕರಣ.

ದಿನ ಯಾವುದೆಂದು ಕೇಳಿದರೆ ಆಯುಧಪೂಜೆಯ ಹಿಂದಿನ ದಿನವನ್ನೇ ಹೇಳುತ್ತೇನೆ. ಅವತ್ತು ಬೆಂಗಳೂರಿನ ಯಾವ ಕಚೇರಿಯಲ್ಲೂ ಮೇಜುಗಳು ಇದ್ದಲ್ಲಿ ಇರುವುದಿಲ್ಲ. ಎಲ್ಲವನ್ನೂ ಎಳೆದು, ಹಿಂದಿನ ದೂಳು ಗುಡಿಸಿ, ಒರೆಸುತ್ತಾರೆ. ಮುಖ್ಯಸ್ಥರೂ ತೋಳು ಮಡಚುತ್ತಾರೆ. ನೆಲ ಒಣಗುವ ಹೊತ್ತಿಗೆ ಟೇಪು ಅಂಟಿಸಿಡಿ. ಮೇಜುಗಳನ್ನು ಮರಳಿ ಇಡುವಾಗ ಹೊಸ ಗುರುತಿನ ಮೇಲೆ ಇಡಿಸಿ. ಬಾಳೆಕಂದು, ಮಾವಿನ ತೋರಣ, ಕುಂಕುಮ ಎಲ್ಲ ಆ ಹೊಸ ಜಾಗದಲ್ಲೇ ಬೀಳಲಿ, ಚರುಪಿನ ತಟ್ಟೆಯನ್ನು ಮೆಟ್ಟಿಲ ಹಾಸಿನ ಕಲ್ಲಿನ ಮೇಲಿಡಿ.